ರಸ್ತೆ ಅಗಲೀಕರಣಕ್ಕೆ ಮನೆಯ ಜಾಗ ಹೋಯಿತು, ಪರಿಹಾರ ಸಾಲದು: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಕೆಂಪು ಬಣ್ಣದ ಬಾಣ. ಪಕ್ಕದಲ್ಲಿ 3.2 ಅಂತ ಬರೆದಿತ್ತು. ಅಲ್ಲಿಂದ ಒಳಗೆ ಮೂರು ಮೀಟರ್ ಇಪ್ಪತ್ತು ಸೆಂಟಿಮೀಟರ್ ರಸ್ತೆಗೆ ಹೋಗುತ್ತದೆ ಎಂದು ತಿಳಿಯುವುದಕ್ಕೇ ನಮಗೆ ಎರಡು ದಿನ ಬೇಕಾಯಿತು. ಜಗಲಿ, ಸಂಪು, ಮುಂದಿನ ಕೋಣೆಯ ಅರ್ಧ, ಎಲ್ಲ ಆ ಗೆರೆಯ ಒಳಗೇ ಇತ್ತು. ಆಮೇಲೆ ಬೀದಿಯವರೆಲ್ಲ ಒಬ್ಬರನ್ನೊಬ್ಬರು ಕೇಳಿದ ಪ್ರಶ್ನೆಗಳೇ ಇಲ್ಲಿವೆ. ನಾನು ವಕೀಲನಲ್ಲ. ಕಚೇರಿ ಸುತ್ತಿ, ಕಾಯ್ದೆ ಓದಿಸಿಕೊಂಡು, ನಮ್ಮದೇ ತಕರಾರು ನಡೆಸುತ್ತಾ ಕಲಿತದ್ದನ್ನು ಬರೆದಿದ್ದೇನೆ. ಇದೆಲ್ಲ ಕರ್ನಾಟಕದಲ್ಲಿ ಮನೆ ಇರುವವರಿಗೆ.

ಗೋಡೆಗೆ ಗುರುತು ಹಾಕಿ ಹೋಗಿದ್ದಾರೆ. ನೋಟಿಸ್ ಇನ್ನೂ ಬಂದಿಲ್ಲ. ಈಗಲೇ ಏನಾದರೂ ಮಾಡಬೇಕಾ?

ಮಾಡಬೇಕು. ನೋಟಿಸ್ ಬರಲಿ ಅಂತ ಸುಮ್ನೆ ಕೂತರೆ ಒಳ್ಳೆಯ ಸಮಯ ಕೈಬಿಟ್ಟು ಹೋಗುತ್ತದೆ. ಮೊದಲು ಮನೆಯನ್ನು ಇರುವ ಹಾಗೇ ಫೋಟೊ, ವಿಡಿಯೊ ತೆಗೆಯಿರಿ. ಗೋಡೆಯ ಪಕ್ಕ ಟೇಪು ಹಿಡಿದು ಅಂಕಿ ಕಾಣುವ ಹಾಗೆ ತೆಗೆಯಿರಿ. ಸಂಪಿನ ಮುಚ್ಚಳ ತೆಗೆದು ಒಳಗಿನ ಆಳ ಅಳೆಯಿರಿ. ಬೋರ್‌ವೆಲ್, ಶೌಚದ ಗುಂಡಿ, ಗೇಟು, ಮೆಟ್ಟಿಲು, ನೀರಿನ ಪೈಪು, ಕರೆಂಟಿನ ಮೀಟರ್, ತೆಂಗಿನ ಮರ, ಒಂದನ್ನೂ ಬಿಡಬೇಡಿ. ಮನೆ ಕಟ್ಟಿದಾಗಿನ ಪ್ಲಾನು, ಲೈಸೆನ್ಸು, ಸಿಮೆಂಟು ಕಬ್ಬಿಣದ ಹಳೇ ಬಿಲ್ಲು ಇದ್ದರೆ ಹುಡುಕಿ ಇಡಿ.

"ಹೇಗೂ ಹೋಗುತ್ತಲ್ಲ" ಅಂತ ಅಳತೆಗೆ ಮುಂಚೆ ನೀವೇ ಯಾವುದನ್ನೂ ಕೀಳಬೇಡಿ. ಅಳತೆಯ ದಿನ ಅಲ್ಲಿ ಇಲ್ಲದ ವಸ್ತು ಪಟ್ಟಿಗೆ ಬರುವುದಿಲ್ಲ.

ಯಾವ ಕಾಯ್ದೆಯಲ್ಲಿ ಜಾಗ ತೆಗೆದುಕೊಳ್ಳುತ್ತಿದ್ದಾರೆ ಎಂದು ಯಾಕೆ ತಿಳಿದುಕೊಳ್ಳಬೇಕು? ರಸ್ತೆ ರಸ್ತೆಯೇ ಅಲ್ವಾ?

ರಸ್ತೆ ಒಂದೇ, ದಾರಿ ಬೇರೆ ಬೇರೆ. ಆಕ್ಷೇಪಣೆಗೆ ಎಷ್ಟು ದಿನ, ತಕರಾರು ಯಾರ ಮುಂದೆ, ಎಲ್ಲವೂ ಕಾಯ್ದೆಯ ಮೇಲೆ ನಿಂತಿದೆ.

ರಾಷ್ಟ್ರೀಯ ಹೆದ್ದಾರಿಯಾದರೆ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆ. ಅಲ್ಲಿ ಮೊದಲು 3ಎ ಅಧಿಸೂಚನೆ, ಆಮೇಲೆ 3ಡಿ. 3ಡಿ ಹೊರಟ ದಿನವೇ ಜಾಗ ಕಾಗದದ ಮೇಲೆ ಕೇಂದ್ರ ಸರ್ಕಾರದ್ದಾಗುತ್ತದೆ. ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆ, ಊರಿನ ಮುಖ್ಯ ರಸ್ತೆಗೆ ಭೂಸ್ವಾಧೀನ ಮಾಡಿದರೆ ಸಾಮಾನ್ಯವಾಗಿ 2013ರ ಭೂಸ್ವಾಧೀನ ಕಾಯ್ದೆ. ಬ್ರಿಟಿಷರ ಕಾಲದ 1894ರ ಕಾಯ್ದೆಯನ್ನು ತೆಗೆದು ಇದನ್ನು 2014ರ ಜನವರಿ 1ರಿಂದ ಜಾರಿಗೆ ತಂದರು. ನಗರಗಳಲ್ಲಿ ಮೂರನೆಯದೊಂದು ದಾರಿ ಇದೆ: ದುಡ್ಡಿನ ಬದಲು ಟಿಡಿಆರ್, ಅಂದರೆ ಇನ್ನೊಂದು ಕಡೆ ಹೆಚ್ಚು ಕಟ್ಟುವ ಹಕ್ಕು. ಅದನ್ನು ಕೆಳಗೆ ಬೇರೆಯಾಗಿ ಬರೆದಿದ್ದೇನೆ.

ಅಧಿಸೂಚನೆಯ ಮೇಲ್ಭಾಗದಲ್ಲೇ ಕಾಯ್ದೆಯ ಹೆಸರು, ಕಲಮು ಇರುತ್ತದೆ. ಯಾವ ಅಧಿಸೂಚನೆಯೂ ಕೈಗೆ ಬಂದಿಲ್ಲ, ಬರೀ ಬಾಯಿಮಾತಲ್ಲಿ "ಬಿಟ್ಟುಕೊಡಿ" ಅನ್ನುತ್ತಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ರಸ್ತೆಯ ಮಂಜೂರಾದ ನಕ್ಷೆ, ನಿಮ್ಮ ಆಸ್ತಿ ಇರುವ ಹಾಳೆ, ಅಧಿಸೂಚನೆಯ ಪ್ರತಿ, ಇವು ಮೂರನ್ನು ಹೆಸರಿಟ್ಟು ಕೇಳಿ.

ಆಕ್ಷೇಪಣೆ ಹಾಕಿದರೆ ರಸ್ತೆ ನಿಲ್ಲುತ್ತದೆಯಾ?

ಬಹಳ ಅಪರೂಪ. ಆದರೂ ಹಾಕಿ. ಹೆದ್ದಾರಿ ಕಾಯ್ದೆಯಲ್ಲಿ 3ಎ ಪ್ರಕಟವಾದ ದಿನದಿಂದ 21 ದಿನ, 2013ರ ಕಾಯ್ದೆಯಲ್ಲಿ ಮೊದಲ ಅಧಿಸೂಚನೆಯಿಂದ 60 ದಿನ ಸಮಯ. ಸರ್ವೆ ನಂಬರ್ ತಪ್ಪು, ಹೆಸರು ತಪ್ಪು, ವಿಸ್ತೀರ್ಣ ತಪ್ಪು, ಕಟ್ಟಡ ಇರುವ ಜಾಗವನ್ನು ಖಾಲಿ ಜಾಗ ಎಂದು ತೋರಿಸಿರುವುದು, ಇದೆಲ್ಲ ಆ ಅರ್ಜಿಯಲ್ಲೇ ಬರಲಿ. ಮುಂದೆ "ಆವತ್ತೇ ಹೇಳಿದ್ದೆ" ಎನ್ನಲು ಒಂದು ಕಾಗದ ಇರುತ್ತದೆ. ಟಪಾಲಿನಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಸೀಲಿಲ್ಲದ ಪ್ರತಿ ನಂಬಿಕೊಂಡು ಕೂರಬೇಡಿ.

ಪರಿಹಾರದ ಲೆಕ್ಕ ಹೇಗೆ ಹಾಕುತ್ತಾರೆ?

ನಾಲ್ಕು ತುಂಡು ಇದೆ. ಜಾಗದ ಬೆಲೆ. ಅದರ ಮೇಲಿರುವ ಕಟ್ಟಡ, ಮರ, ಬಾವಿ ಇತ್ಯಾದಿಗಳ ಬೆಲೆ. ಎರಡೂ ಸೇರಿದ ಮೊತ್ತಕ್ಕೆ ನೂರಕ್ಕೆ ನೂರು ಸೊಲೇಷಿಯಂ, ಅಂದರೆ ಅಷ್ಟೇ ಹಣ ಇನ್ನೊಂದು ಸಲ. ಕೊನೆಗೆ ಜಾಗದ ಬೆಲೆಯ ಮೇಲೆ ವರ್ಷಕ್ಕೆ ಶೇ 12. ಇದು ಸಾಮಾಜಿಕ ಪರಿಣಾಮ ಅಧ್ಯಯನದ ಅಧಿಸೂಚನೆ ಹೊರಟ ದಿನದಿಂದ ಐತೀರ್ಪಿನವರೆಗೆ (ಪರಿಹಾರ ಇಷ್ಟು ಎಂದು ಅಧಿಕಾರಿ ಮಾಡುವ ಆದೇಶ) ಅಥವಾ ಸ್ವಾಧೀನದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ. ಹಳ್ಳಿ ಕಡೆಯ ಜಾಗವಾದರೆ ಜಾಗದ ಬೆಲೆಯನ್ನು 1ರಿಂದ 2ರೊಳಗಿನ ಒಂದು ಅಂಕಿಯಿಂದ ಗುಣಿಸುತ್ತಾರೆ. ಪಟ್ಟಣದ ಮಿತಿಯೊಳಗೆ ಆ ಅಂಕಿ 1.

ಒಂದು ಲೆಕ್ಕ ಹಾಕಿ ನೋಡೋಣ. ಪಟ್ಟಣದಲ್ಲಿ 40 ಚದರ ಮೀಟರ್ ಹೋಗಿದೆ, ಚದರ ಮೀಟರಿಗೆ 20,000 ರೂಪಾಯಿ ದರ ಅಂತಿಟ್ಟುಕೊಳ್ಳಿ. ಜಾಗಕ್ಕೆ 8 ಲಕ್ಷ. ಕಟ್ಟಡಕ್ಕೆ 6 ಲಕ್ಷ ಕಟ್ಟಿದ್ದಾರೆ. ಸೇರಿ 14 ಲಕ್ಷ, ಸೊಲೇಷಿಯಂ 14 ಲಕ್ಷ. ಒಂದೂವರೆ ವರ್ಷಕ್ಕೆ ಶೇ 12ರ ಹಾಗೆ 8 ಲಕ್ಷದ ಮೇಲೆ 1.44 ಲಕ್ಷ. ಒಟ್ಟು 29.44 ಲಕ್ಷ.

ಇದರಲ್ಲಿ ಒಂದು ವಿಷಯ ಗಮನಿಸಿ. ಪಟ್ಟಿಯಲ್ಲಿ ಬಿಟ್ಟುಹೋದ ಪ್ರತಿಯೊಂದು ರೂಪಾಯಿಯೂ ಎರಡು ರೂಪಾಯಿ ನಷ್ಟ. 60,000 ರೂಪಾಯಿಯ ಸಂಪು ಬಿಟ್ಟರೆ ನಿಮ್ಮ ಕೈಯಿಂದ ಹೋಗುವುದು 1.2 ಲಕ್ಷ.

ರಾಷ್ಟ್ರೀಯ ಹೆದ್ದಾರಿಗೂ ಈಗ ಇದೇ ಲೆಕ್ಕ. 2013ರ ಕಾಯ್ದೆಯ ಪರಿಹಾರದ ನಿಯಮಗಳು ಹೆದ್ದಾರಿ ಕಾಯ್ದೆಯ ಸ್ವಾಧೀನಕ್ಕೂ 2015ರ ಜನವರಿ 1ರಿಂದ ಅನ್ವಯಿಸುತ್ತವೆ.

ನಮ್ಮ ಬೀದಿಯಲ್ಲಿ ಬೆಲೆ ಇದರ ಎರಡರಷ್ಟಿದೆ. ಅವರು ಗೈಡೆನ್ಸ್ ವ್ಯಾಲ್ಯೂ (ಸರ್ಕಾರದ ಮಾರ್ಗಸೂಚಿ ದರ) ಹಿಡಿದು ಲೆಕ್ಕ ಮುಗಿಸಿದ್ದಾರೆ. ಸರಿಯೇ?

ಬರೀ ಮಾರ್ಗಸೂಚಿ ದರ ಹಿಡಿದು ಮುಗಿಸುವ ಹಾಗಿಲ್ಲ. 2013ರ ಕಾಯ್ದೆಯ 26ನೇ ಕಲಮಿನ ಪ್ರಕಾರ ಮಾರ್ಗಸೂಚಿ ದರವನ್ನೂ, ಹತ್ತಿರದ ಅದೇ ತರಹದ ಜಾಗಗಳ ಮಾರಾಟದ ಸರಾಸರಿಯನ್ನೂ ಹೋಲಿಸಿ ಯಾವುದು ಜಾಸ್ತಿಯೋ ಅದನ್ನು ಕೊಡಬೇಕು. ಸರಾಸರಿ ತೆಗೆಯುವ ಕ್ರಮವೂ ಅಲ್ಲೇ ಇದೆ: ಹಿಂದಿನ ಮೂರು ವರ್ಷದಲ್ಲಿ ನೋಂದಣಿಯಾದ ಕ್ರಯಪತ್ರ ತೆಗೆದು, ಅದರಲ್ಲಿ ಹೆಚ್ಚಿನ ಬೆಲೆ ಇರುವ ಅರ್ಧದಷ್ಟು ಪತ್ರಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು.

ಹಾಗಾಗಿ "ಇಲ್ಲಿ ಅಷ್ಟು ನಡೀತಿದೆ" ಎಂಬ ಮಾತಿಗೆ ತೂಕವಿಲ್ಲ. ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಕ್ರಯಪತ್ರಗಳ ದೃಢೀಕೃತ ನಕಲು ತನ್ನಿ. ಬೆಲೆಯನ್ನು ನೋಡುವುದು ಮೊದಲ ಅಧಿಸೂಚನೆಯ ದಿನಕ್ಕೆ. ಅದಾದ ಮೇಲೆ ರಸ್ತೆ ಬಂದು ಬೆಲೆ ಏರಿದ್ದು ನಮಗೆ ಸಹಾಯಕ್ಕೆ ಬರುವುದಿಲ್ಲ. ಅವರು ದೊಡ್ಡ ಜಮೀನಿನ ಕ್ರಯಪತ್ರ ಹಿಡಿದು ಮನೆ ಸೈಟಿಗೆ ದರ ಕಟ್ಟಿದ್ದರೆ ಅದನ್ನು ಎತ್ತಿ ತೋರಿಸಿ. ಮನೆ ಸೈಟಿಗೆ ಮನೆ ಸೈಟಿನ ಕ್ರಯಪತ್ರವನ್ನೇ ಹೋಲಿಸಬೇಕು.

ನಮ್ಮೆಲ್ಲರ ದೊಡ್ಡ ತೊಂದರೆಯೊಂದು ಇಲ್ಲೇ ಇದೆ. ಕೊಟ್ಟಿದ್ದು ಒಂದು ಬೆಲೆ, ಪತ್ರದಲ್ಲಿ ಬರೆಸಿದ್ದು ಇನ್ನೊಂದು. ಹತ್ತು ಜನ ಕಡಿಮೆ ಬರೆಸಿದರೆ ಇಡೀ ಬೀದಿಯ ಸರಾಸರಿ ಕೆಳಗಿಳಿಯುತ್ತದೆ. ನಮ್ಮ ಬೀದಿಯ 11 ಪತ್ರ ತರಿಸಿದಾಗ ಉಪಯೋಗಕ್ಕೆ ಬಂದದ್ದು ಬ್ಯಾಂಕ್ ಸಾಲ ತೆಗೆದು ಕೊಂಡವರ 4 ಪತ್ರ ಮಾತ್ರ. ಅವುಗಳಲ್ಲಿ ಬೆಲೆ ನಿಜವಾದದ್ದಿತ್ತು.

ದರದ ಬಗ್ಗೆ ಹೋರಾಡಬೇಕಾ, ಅಳತೆಯ ಬಗ್ಗೆನಾ?

ಎರಡೂ. ಆದರೆ ಮೊದಲು ಅಳತೆ. ಜನ ದರದ ಬಗ್ಗೆ ಕೂಗಾಡುತ್ತಾರೆ, ಅಳತೆ ಪಟ್ಟಿಯನ್ನು ತಿರುಗಿಸಿಯೂ ನೋಡುವುದಿಲ್ಲ. ದರ ಎಷ್ಟಿರಬೇಕು ಎಂಬುದರಲ್ಲಿ ಎರಡು ಅಭಿಪ್ರಾಯ ಇರಬಹುದು. ಸಂಪು ಇತ್ತೋ ಇಲ್ಲವೋ ಎಂಬುದರಲ್ಲಿ ಇರುವುದಿಲ್ಲ. ಅಂಥ ತಕರಾರು ಬೇಗ ಗೆಲ್ಲುತ್ತದೆ.

ನಮ್ಮ ಮನೆಯಲ್ಲಿ ನಡೆದದ್ದು ಹೇಳುತ್ತೇನೆ. ಜಂಟಿ ಅಳತೆಗೆ ಬಂದ ದಿನ ಅಮ್ಮ ಅಂಗಳದಲ್ಲಿ ಸಂಡಿಗೆ ಒಣಹಾಕಿದ್ದರು. ಚಾಪೆ ಹಾಸಿದ್ದು ಸಂಪಿನ ಮುಚ್ಚಳದ ಮೇಲೆ. ಬಂದವರು ಚಾಪೆ ಬಳಸಿ ನಡೆದು, ಟೇಪು ಹಿಡಿದು, ಹದಿನೈದು ನಿಮಿಷದಲ್ಲಿ ಬರೆದು, ಸಹಿ ಹಾಕಿಸಿಕೊಂಡು ಹೋದರು. ಅಪ್ಪ ಓದದೆ ಸಹಿ ಮಾಡಿದರು. ತಿಂಗಳಾದ ಮೇಲೆ ಪಟ್ಟಿಯ ನಕಲು ತರಿಸಿದರೆ ಸಂಪು ಇಲ್ಲ. ಮುಂದಿನ ಕೋಣೆಗೆ ತಾರಸಿ ಇದೆ, ಪಟ್ಟಿಯಲ್ಲಿ "ಹೆಂಚಿನ ಚಾವಣಿ" ಅಂತಿತ್ತು. ಮನೆಯ ಹಿಂಭಾಗ ಹೆಂಚಿನದು, ರಸ್ತೆಯಿಂದ ನೋಡಿದರೆ ಅದೇ ಎತ್ತರವಾಗಿ ಕಾಣುತ್ತದೆ. ಅದನ್ನೇ ಇಡೀ ಮನೆಗೆ ಬರೆದಿದ್ದರು.

ಮೂರನೆಯ ತಪ್ಪು ಕಣ್ಣಿಗೆ ಬೀಳಲು ಇನ್ನೂ ತಡವಾಯಿತು. ನಮ್ಮ ಮುಂಭಾಗ 12 ಮೀಟರ್. ಒಂದು ಮೂಲೆಯಲ್ಲಿ 3.2 ಮೀಟರ್ ಒಳಗೆ ಗುರುತು, ಇನ್ನೊಂದು ಮೂಲೆಯಲ್ಲಿ 3.6. ರಸ್ತೆ ಅಲ್ಲಿ ಸ್ವಲ್ಪ ಓರೆಯಾಗಿದೆ. ಪಟ್ಟಿಯಲ್ಲಿ 12ನ್ನು 3.2ರಿಂದ ಗುಣಿಸಿ 38.4 ಚದರ ಮೀಟರ್ ಎಂದು ಬರೆದಿದ್ದರು. ನಿಜಕ್ಕೂ ಹೋದದ್ದು 40.8. ಮೇಲಿನ ಲೆಕ್ಕದ ದರದಲ್ಲಿ ಆ 2.4 ಚದರ ಮೀಟರಿಗೆ ಎಲ್ಲ ಸೇರಿ 1,04,640 ರೂಪಾಯಿ ಆಗುತ್ತದೆ. ಒಂದು ಮೂಲೆಯಲ್ಲಿ ಟೇಪು ಹಿಡಿಯದೇ ಹೋದದ್ದಕ್ಕೆ ಇಷ್ಟು ವ್ಯತ್ಯಾಸ.

ಆದ್ದರಿಂದ ಅಳತೆಯ ದಿನ ಮನೆಯಲ್ಲಿ ಓದಬಲ್ಲವರು ಒಬ್ಬರು ಇರಲೇಬೇಕು. ಎರಡೂ ಮೂಲೆ, ನಡುವೆ ಒಂದು ಕಡೆ ಅಳೆಸಿ. ಕಟ್ಟಡಕ್ಕೆ ಎಷ್ಟು ವರ್ಷ ಆಗಿದೆ ಅಂತ ಬರೆದರು, ಅದರ ಮೇಲೆ ಎಷ್ಟು ಸವಕಳಿ ಕಳೆದರು ಎಂದು ಕೇಳಿ. ಸಹಿ ಮಾಡುವ ಮುಂಚೆ ಪಟ್ಟಿ ಓದಿ, ಬಿಟ್ಟದ್ದನ್ನು ಅದೇ ಹಾಳೆಯಲ್ಲಿ ಕೈಬರಹದಲ್ಲಿ ಬರೆದು ಸಹಿ ಮಾಡಿ. ಬರೆಯಲು ಬಿಡದಿದ್ದರೆ ಅದೇ ದಿನ ಲಿಖಿತ ಅರ್ಜಿ ಕೊಡಿ.

ಸಹಿ ಮಾಡಿಬಿಟ್ಟಿದ್ದೇವೆ. ಮುಗೀತಾ?

ಇಲ್ಲ. 2013ರ ಕಾಯ್ದೆಯಲ್ಲಿ 21ನೇ ಕಲಮಿನ ನೋಟಿಸ್ ಬರುತ್ತದೆ. ನಿಮ್ಮ ಹಕ್ಕು, ನಿಮ್ಮ ಲೆಕ್ಕ, ಅಳತೆಗೆ ನಿಮ್ಮ ಆಕ್ಷೇಪಣೆ ಹೇಳಲು ಕರೆಯುತ್ತಾರೆ. ಕನಿಷ್ಠ 30 ದಿನದ ಸಮಯ ಕೊಡಲೇಬೇಕು. ನಾವು ಅಲ್ಲಿ ಸಂಪಿನ ಫೋಟೊ, ಟೇಪು ಹಿಡಿದ ಎರಡು ಮೂಲೆಯ ಫೋಟೊ, ಒಬ್ಬ ಎಂಜಿನಿಯರ್ ಕೈಯಲ್ಲಿ ಮಾಡಿಸಿದ ಮೌಲ್ಯಮಾಪನ ಕೊಟ್ಟೆವು. ಮತ್ತೆ ಬಂದು ಅಳೆದರು. ಸಂಪು ಸೇರಿತು, ವಿಸ್ತೀರ್ಣ 40.8 ಆಯಿತು. ಚಾವಣಿ ಮಾತ್ರ ಸರಿಯಾಗಲಿಲ್ಲ.

ಐತೀರ್ಪು ಆದಮೇಲೆ ಬರೀ ಬರವಣಿಗೆಯ ತಪ್ಪು, ಕೂಡಿಸುವ ತಪ್ಪು ಕಂಡರೆ 33ನೇ ಕಲಮಿನಲ್ಲಿ ಆರು ತಿಂಗಳೊಳಗೆ ತಿದ್ದಿಸಬಹುದು.

ಅರ್ಧ ಮನೆ ಹೋಗುತ್ತದೆ. ಉಳಿದ ಅರ್ಧದಲ್ಲಿ ಬದುಕುವ ಹಾಗಿಲ್ಲ. ಪೂರ್ತಿ ತಗೊಳ್ಳಿ ಅನ್ನಬಹುದಾ?

ಅನ್ನಬಹುದು. ಇದು ಬಹಳ ಜನಕ್ಕೆ ಗೊತ್ತಿಲ್ಲ. 2013ರ ಕಾಯ್ದೆಯ 94ನೇ ಕಲಮು ಇದಕ್ಕೇ ಇದೆ. ಮನೆಯ ಒಂದು ಭಾಗ ಮಾತ್ರ ತೆಗೆದುಕೊಳ್ಳಲು ಹೊರಟಾಗ, ಪೂರ್ತಿ ಮನೆ ತೆಗೆದುಕೊಳ್ಳಿ ಎಂದು ಮಾಲೀಕರು ಕೇಳಿದರೆ, ಆ ಭಾಗವನ್ನಷ್ಟೇ ತೆಗೆದುಕೊಳ್ಳುವ ಹಾಗಿಲ್ಲ. ಹೋಗುವ ಭಾಗ ನಿಜಕ್ಕೂ ಮನೆಯ ಭಾಗವೇ ಎಂಬ ಬಗ್ಗೆ ತಕರಾರು ಬಂದರೆ ಅದನ್ನು ಪ್ರಾಧಿಕಾರ, ಅಂದರೆ ಭೂಸ್ವಾಧೀನದ ತಕರಾರು ಕೇಳಲೆಂದೇ ಈ ಕಾಯ್ದೆಯಲ್ಲಿರುವ ಪ್ರಾಧಿಕಾರ, ತೀರ್ಮಾನಿಸುತ್ತದೆ. ಐತೀರ್ಪು ಆಗುವ ಮುಂಚೆ ಲಿಖಿತವಾಗಿ ಕೇಳಿ. ಆದರೆ ಮನೆಯಲ್ಲಿ ಎಲ್ಲರೂ ಕೂತು ಯೋಚಿಸಿ. ಮನೆ ಪೂರ್ತಿ ಕೊಟ್ಟರೆ ಊರು ಬಿಟ್ಟ ಹಾಗೆಯೇ ಆಗಬಹುದು.

ಪೂರ್ತಿ ಕೊಡುವುದು ಬೇಡ ಅಂದರೆ 28ನೇ ಕಲಮು ನೋಡಿ. ಒಂದು ಭಾಗ ಕತ್ತರಿಸಿದ್ದರಿಂದ ಉಳಿದ ಭಾಗಕ್ಕಾದ ನಷ್ಟ, ಮನೆ ಬದಲಾಯಿಸಬೇಕಾಗಿ ಬಂದರೆ ಅದರ ಖರ್ಚು, ಇವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ಅದು ಹೇಳುತ್ತದೆ. ಹೆದ್ದಾರಿ ಕಾಯ್ದೆಯ 3ಜಿ ಕಲಮಿನಲ್ಲೂ ಇದೇ ಇದೆ. ಮುಂದಿನ ಗೋಡೆ ಹೋದರೆ ತಾರಸಿಗೆ ಆಸರೆ ತಪ್ಪುತ್ತದೆ, ಹೊಸ ಪಿಲ್ಲರ್ ಬೇಕಾಗುತ್ತದೆ, ಮೆಟ್ಟಿಲು ಇನ್ನೊಂದು ಕಡೆ ಕಟ್ಟಬೇಕಾಗುತ್ತದೆ. ಒಡೆದ ಜಾಗದ ಬೆಲೆಯಲ್ಲಿ ಇದು ಯಾವುದೂ ಬರುವುದಿಲ್ಲ. ಇದನ್ನು ನೀವು ಕೇಳಬೇಕು, ಎಂಜಿನಿಯರ್ ಕೈಯಲ್ಲಿ ಅಂದಾಜು ಮಾಡಿಸಿ ಕೇಳಬೇಕು.

ಹಣ ತೆಗೆದುಕೊಂಡರೆ ಒಪ್ಪಿಕೊಂಡ ಹಾಗೆ ಅಲ್ವಾ?

ಹೇಗೆ ತೆಗೆದುಕೊಳ್ಳುತ್ತೀರಿ ಎಂಬುದರ ಮೇಲಿದೆ. "ಮೊತ್ತ ಸಾಲದು, ನನ್ನ ಹಕ್ಕು ಉಳಿಸಿಕೊಂಡು ಪ್ರತಿಭಟನೆಯೊಂದಿಗೆ ಪಡೆಯುತ್ತಿದ್ದೇನೆ" ಎಂದು ಬರೆದು ತೆಗೆದುಕೊಂಡರೆ ತಕರಾರಿಗೆ ದಾರಿ ಉಳಿಯುತ್ತದೆ. ಅದನ್ನು ಬರೆಯದೆ ತೆಗೆದುಕೊಂಡರೆ, ಐತೀರ್ಪಿನ ಮೇಲೆ ತಕರಾರು ಹೇಳುವ 64ನೇ ಕಲಮಿನ ಅರ್ಜಿ ಹಾಕುವ ಹಕ್ಕೇ ಹೋಗುತ್ತದೆ. 77ನೇ ಕಲಮಿನಲ್ಲಿ ಇದು ಸ್ಪಷ್ಟವಾಗಿದೆ. ಹಣ ಈಗ ನೇರ ಖಾತೆಗೆ ಬರುತ್ತದೆ. ಹಾಗಾಗಿ ಬರುವ ಮುಂಚೆಯೇ ಆ ಪತ್ರ ಕೊಟ್ಟು ಸೀಲು ಹಾಕಿಸಿಕೊಳ್ಳಿ. ರಸೀದಿಯ ಮೇಲೂ ಅದೇ ಮಾತು ಬರೆಯಿರಿ.

ಹಣವನ್ನೇ ಮುಟ್ಟದೆ ಹಠ ಹಿಡಿಯುವುದರಿಂದ ಪ್ರಯೋಜನ ಇಲ್ಲ ಎಂಬುದು ನನ್ನ ಅಭಿಪ್ರಾಯ. ಬಂದದ್ದನ್ನು ಬರೆದು ತೆಗೆದುಕೊಳ್ಳಿ, ಉಳಿದದ್ದಕ್ಕೆ ಹೋರಾಡಿ.

ಐತೀರ್ಪು ಬಂತು. ತಕರಾರಿಗೆ ಎಷ್ಟು ದಿನ ಇದೆ?

ಇದೊಂದನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ. 2013ರ ಕಾಯ್ದೆಯಲ್ಲಿ, ಐತೀರ್ಪಿನ ದಿನ ನೀವು ಅಥವಾ ನಿಮ್ಮ ಪರವಾಗಿ ಯಾರಾದರೂ ಹಾಜರಿದ್ದರೆ ಆರು ವಾರ. ಹಾಜರಿರಲಿಲ್ಲ ಎಂದರೆ ನೋಟಿಸ್ ಕೈಸೇರಿ ಆರು ವಾರ ಅಥವಾ ಐತೀರ್ಪಿನಿಂದ ಆರು ತಿಂಗಳು, ಯಾವುದು ಮೊದಲು ಮುಗಿಯುತ್ತದೋ ಅದು. ಅರ್ಜಿಯನ್ನು ಭೂಸ್ವಾಧೀನಾಧಿಕಾರಿಗೇ ಕೊಡಬೇಕು. ಅವರು 30 ದಿನದೊಳಗೆ ಅದನ್ನು ಪ್ರಾಧಿಕಾರಕ್ಕೆ ಕಳಿಸಬೇಕು. ತಡವಾದರೆ ಸರಿಯಾದ ಕಾರಣ ತೋರಿಸಿ ಇನ್ನೂ ಒಂದು ವರ್ಷದೊಳಗೆ ಕೇಳಬಹುದು. ಅದನ್ನು ನೆಚ್ಚಿಕೊಳ್ಳಬೇಡಿ. ಪ್ರಾಧಿಕಾರದ ತೀರ್ಪೂ ಸರಿಬರಲಿಲ್ಲ ಎಂದರೆ 60 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ.

ರಾಷ್ಟ್ರೀಯ ಹೆದ್ದಾರಿಯಲ್ಲಿ ತಕರಾರು ಹೋಗುವುದು ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರ ಮುಂದೆ. ಜನ ಅವರನ್ನು ಆರ್ಬಿಟ್ರೇಟರ್ ಎಂದೇ ಕರೆಯುತ್ತಾರೆ. ಇಷ್ಟೇ ದಿನದೊಳಗೆ ಬನ್ನಿ ಎಂದು ಹೆದ್ದಾರಿ ಕಾಯ್ದೆ ಹೇಳುವುದಿಲ್ಲ. ಹಾಗಂತ ಮಲಗಬೇಡಿ. ಐತೀರ್ಪಿನ ನಕಲು ಬಂದ ತಿಂಗಳಲ್ಲೇ ಹಾಕಿ. ಅವರ ತೀರ್ಪಿನ ಮೇಲೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗಲು ಮೂರು ತಿಂಗಳು, ಸರಿಯಾದ ಕಾರಣವಿದ್ದರೆ ಮೇಲೆ 30 ದಿನ. ಅದಾದ ಮೇಲೆ ಒಂದು ದಿನವೂ ಸಿಗುವುದಿಲ್ಲ. ಆ ನ್ಯಾಯಾಲಯ ಮತ್ತೆ ಬೆಲೆ ಕಟ್ಟಲು ಕೂರುವುದಿಲ್ಲ. ಹಾಗಾಗಿ ಇರುವ ಸಾಕ್ಷಿಯನ್ನೆಲ್ಲ ಮಧ್ಯಸ್ಥಗಾರರ ಮುಂದೆಯೇ ಇಡಬೇಕು.

"ಒಪ್ಪಂದಕ್ಕೆ ಸಹಿ ಹಾಕಿ, ಬೇಗ ದುಡ್ಡು ಬರುತ್ತೆ" ಅನ್ನುತ್ತಾರೆ. ಹಾಕಬಹುದಾ?

ಮೊತ್ತ ನಿಜಕ್ಕೂ ಸರಿ ಇದ್ದರೆ ಹಾಕಿ. ಬೇಗ ಮುಗಿಯುವುದೂ ಒಂದು ಲಾಭವೇ. ಆದರೆ ಒಪ್ಪಂದದ ಮೇಲಾದ ಐತೀರ್ಪನ್ನು, ನೇರ ಖರೀದಿಯ ಕ್ರಯಪತ್ರವನ್ನು ಆಮೇಲೆ "ಸಾಲದು" ಎಂದು ಎಳೆಯುವುದು ಬಹಳ ಕಷ್ಟ. ಮೇಲಿನ ನಾಲ್ಕು ತುಂಡಿನ ಲೆಕ್ಕ ಮನೆಯಲ್ಲಿ ಹಾಕಿ, ಅವರ ಮೊತ್ತವನ್ನು ಪಕ್ಕದಲ್ಲಿಟ್ಟು ನೋಡಿ. ಕಾಗದವನ್ನು ಒಂದು ರಾತ್ರಿ ಮನೆಗೆ ತರುತ್ತೇನೆ ಅಂದಾಗ ಕೊಡದಿದ್ದರೆ ಸಹಿ ಮಾಡಬೇಡಿ.

ನಗರದಲ್ಲಿ ದುಡ್ಡಿನ ಬದಲು ಟಿಡಿಆರ್ ಕೊಡುತ್ತಾರಂತೆ. ಏನದು?

ನೀವು ರಸ್ತೆಗೆ ಜಾಗ ಬಿಟ್ಟುಕೊಡುತ್ತೀರಿ. ಅದಕ್ಕೆ ಬದಲಾಗಿ ಇನ್ನೊಂದು ಕಡೆ ಇಷ್ಟು ಚದರ ಮೀಟರ್ ಹೆಚ್ಚು ಕಟ್ಟಬಹುದು ಎಂಬ ಹಕ್ಕುಪತ್ರ ಸಿಗುತ್ತದೆ. ಅದನ್ನು ನೀವೇ ಬಳಸಬಹುದು, ಬಿಲ್ಡರಿಗೆ ಮಾರಬಹುದು. ಕರ್ನಾಟಕದಲ್ಲಿ ಇದು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಬಿ ಕಲಮಿನಲ್ಲಿ ಬರುತ್ತದೆ.

ಬೆಂಗಳೂರಿನಂಥ ಕಡೆ ಕೊಳ್ಳುವವರು ಇರುತ್ತಾರೆ. ಸಣ್ಣ ಪಟ್ಟಣದಲ್ಲಿ ಯಾರು ಕೊಳ್ಳಬೇಕು? ಮೂರು ಮೀಟರ್ ಪಟ್ಟಿ ಕಳೆದುಕೊಂಡ ಮನೆಯವರಿಗೆ ಬೇಕಾದದ್ದು ಹೊಸ ಗೋಡೆ ಕಟ್ಟಲು ದುಡ್ಡು. ಬಳ್ಳಾರಿ ರಸ್ತೆ, ಜಯಮಹಲ್ ರಸ್ತೆ ಅಗಲ ಮಾಡಲು ಬೆಂಗಳೂರು ಅರಮನೆ ಮೈದಾನದ 15 ಎಕರೆಗೂ ಮಿಕ್ಕ ಜಾಗದ ಟಿಡಿಆರ್ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಷ್ಟು ದೊಡ್ಡವರಿಗೇ ಇದು ಸಲೀಸಾಗಿ ಸಿಗಲಿಲ್ಲ.

ಟಿಡಿಆರ್ ಒಪ್ಪಿಕೊಂಡವರಿಗೆ ಮಾತ್ರ. ನಿಮಗೆ ಬೇಡವಾದರೆ "ನನಗೆ ಹಣದ ಪರಿಹಾರವೇ ಬೇಕು, ಕಾನೂನು ಪ್ರಕಾರ ಭೂಸ್ವಾಧೀನ ಮಾಡಿ" ಎಂದು ಬರೆದು ಕೊಡಿ. ಜಾಗ ಬಿಟ್ಟುಕೊಡುವ ಪತ್ರಕ್ಕೆ ಸಹಿ ಮಾಡಿ ನೋಂದಣಿ ಆದಮೇಲೆ ಹಿಂದೆ ಬರುವ ದಾರಿ ಇಲ್ಲ ಎಂದೇ ತಿಳಿಯಿರಿ.

"ನೀವು ರಸ್ತೆ ಒತ್ತುವರಿ ಮಾಡಿದ್ದೀರಿ, ಪರಿಹಾರ ಇಲ್ಲ" ಎನ್ನುತ್ತಿದ್ದಾರೆ.

ದಾಖಲೆ ತೋರಿಸಿ ಎಂದು ಕೇಳಿ. ಮೂಲ ದಾಖಲೆಯಲ್ಲಿ ಆ ರಸ್ತೆಯ ಅಗಲ ಎಷ್ಟು? ರಸ್ತೆಯ ನಡುವಿನಿಂದ ನಿಮ್ಮ ಗಡಿಗೆ ಎಷ್ಟು? ನಿಮ್ಮ ಕ್ರಯಪತ್ರದ ಚೆಕ್ಕುಬಂದಿ, ಖಾತೆಯಲ್ಲಿರುವ ಅಳತೆ, ಸರ್ವೆ ನಕ್ಷೆ ಮೂರನ್ನೂ ಹೊಂದಿಸಿ ನೋಡಿ. ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ಕಾರಿ ಸರ್ವೆಯರ್ ಕೈಯಲ್ಲೇ ಅಳೆಸಿ.

ಉತ್ತರ ಪ್ರದೇಶದ ಮಹಾರಾಜ್‌ಗಂಜ್‌ನಲ್ಲಿ 2019ರಲ್ಲಿ ರಸ್ತೆ ಅಗಲೀಕರಣಕ್ಕೆಂದು ಒಬ್ಬರ ಮನೆಯನ್ನು ಸರಿಯಾದ ನೋಟಿಸ್ ಇಲ್ಲದೆ ಒಡೆದಿದ್ದರು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅವರಿಗೆ 25 ಲಕ್ಷ ರೂಪಾಯಿ ಕೊಡಲು ಹೇಳಿತು. ಅದೇ ತೀರ್ಪಿನಲ್ಲಿ ರಾಜ್ಯಗಳೆಲ್ಲ ಪಾಲಿಸಬೇಕಾದ ಕ್ರಮವನ್ನೂ ಹಾಕಿಕೊಟ್ಟಿತು: ಮೊದಲು ದಾಖಲೆಯ ಪ್ರಕಾರ ರಸ್ತೆಯ ಅಗಲ ನೋಡಬೇಕು, ಒತ್ತುವರಿ ಕಂಡರೆ ನೋಟಿಸ್ ಕೊಡಬೇಕು, ಆಕ್ಷೇಪಣೆ ಬಂದರೆ ಕಾರಣ ಬರೆದು ಆದೇಶ ಮಾಡಬೇಕು. ಇರುವ ರಸ್ತೆಯ ಅಗಲ ಸಾಲದೇ ಹೋದರೆ ಕಾನೂನು ಪ್ರಕಾರ ಜಾಗವನ್ನು ಸ್ವಾಧೀನ ಮಾಡಿಕೊಳ್ಳಬೇಕು. ನಿಮ್ಮ ಅರ್ಜಿಯಲ್ಲಿ ಈ ತೀರ್ಪನ್ನು ಹೆಸರಿಸಿ.

ದುಡ್ಡು ಕೊಡದೆ ಒಡೆಯಬಹುದಾ?

2013ರ ಕಾಯ್ದೆಯ 38ನೇ ಕಲಮಿನ ಪ್ರಕಾರ ಪರಿಹಾರ ಪೂರ್ತಿ ಕೊಟ್ಟ ಮೇಲೆ ಸ್ವಾಧೀನ. ಹೆದ್ದಾರಿ ಕಾಯ್ದೆಯಲ್ಲಿ ಮೊತ್ತ ಠೇವಣಿ ಇಟ್ಟು, 60 ದಿನದ ನೋಟಿಸ್ ಕೊಡಬೇಕು. ಸಂವಿಧಾನದ 300ಎ ವಿಧಿ ಕಾನೂನಿನ ಬಲ ಇಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳಬಾರದು ಎನ್ನುತ್ತದೆ. ನಾಳೆ ಜೆಸಿಬಿ ಬರುತ್ತದೆ, ಇವತ್ತು ಕೈಯಲ್ಲಿ ಯಾವ ಕಾಗದವೂ ಇಲ್ಲ ಎಂದಾದರೆ ವಕೀಲರ ಮೂಲಕ ಹೈಕೋರ್ಟಿಗೆ ರಿಟ್ ಅರ್ಜಿ. ಧಾರವಾಡ, ಕಲಬುರಗಿಯಲ್ಲೂ ಪೀಠ ಇದೆ, ಬೆಂಗಳೂರಿಗೇ ಓಡಬೇಕಾಗಿಲ್ಲ.

ಮನೆ ಇನ್ನೂ ತಾತನ ಹೆಸರಲ್ಲಿದೆ. ಅಣ್ಣತಮ್ಮಂದಿರಲ್ಲಿ ಭಾಗ ಆಗಿಲ್ಲ.

ಹಾಗಿದ್ದರೆ ಹಣ ನಿಮ್ಮ ಕೈಗೆ ಬರದೆ ಪ್ರಾಧಿಕಾರದಲ್ಲೋ ನ್ಯಾಯಾಲಯದಲ್ಲೋ ಠೇವಣಿಯಾಗಿ ಕೂರುತ್ತದೆ. ವಂಶವೃಕ್ಷ ಮಾಡಿಸಿ, ಪೌತಿ ಖಾತೆಗೆ ಅರ್ಜಿ ಹಾಕಿ. ಅಕ್ಕತಂಗಿಯರನ್ನು ಬಿಡಬೇಡಿ, ಅವರಿಗೂ ಪಾಲಿದೆ. ಬಿಟ್ಟರೆ ತಕರಾರು ಅಲ್ಲಿಂದಲೇ ಶುರುವಾಗುತ್ತದೆ. ಯಾರಿಗೆಷ್ಟು ಎಂದು ಎಲ್ಲರೂ ಸೇರಿ ಒಂದೇ ಪತ್ರ ಕೊಟ್ಟರೆ ಕೆಲಸ ಹಗುರ.

ಮನೆ ಮೇಲೆ ಸಾಲ ಇದೆ. ಮುಂದಿನ ಅಂಗಡಿಯಲ್ಲಿ ಬಾಡಿಗೆದಾರರಿದ್ದಾರೆ.

ಬ್ಯಾಂಕಿಗೆ ಮೊದಲೇ ತಿಳಿಸಿ, ಒಪ್ಪಿಗೆ ಪತ್ರ ತನ್ನಿ. ಬಾಡಿಗೆದಾರರು ಮೂರು ವರ್ಷಕ್ಕೂ ಮುಂಚಿನಿಂದ ಅಲ್ಲೇ ದುಡಿದು ಬದುಕುತ್ತಿದ್ದರೆ 2013ರ ಕಾಯ್ದೆಯಲ್ಲಿ ಅವರೂ ಬಾಧಿತ ಕುಟುಂಬವೇ. ಅವರ ಅರ್ಜಿ ಅವರು ಹಾಕಲಿ. ನಿಮ್ಮ ಪಾಲು ಅದರಿಂದ ಕಡಿಮೆಯಾಗುತ್ತದೆ ಎಂದು ತಡೆಯಬೇಡಿ.

ಬಂದ ಹಣಕ್ಕೆ ತೆರಿಗೆ ಇದೆಯಾ?

2013ರ ಕಾಯ್ದೆಯ 96ನೇ ಕಲಮಿನ ಪ್ರಕಾರ ಪರಿಹಾರಕ್ಕೆ ಆದಾಯ ತೆರಿಗೆ ಇಲ್ಲ. ನೇರ ತೆರಿಗೆ ಮಂಡಳಿಯ 2016ರ 36ನೇ ಸುತ್ತೋಲೆಯೂ ಅದನ್ನೇ ಹೇಳುತ್ತದೆ. ತಡವಾದದ್ದಕ್ಕೆ ಬರುವ ಬಡ್ಡಿಯ ವಿಷಯ ಬೇರೆ, ಅದನ್ನು ಆಡಿಟರ್ ಹತ್ತಿರ ಕೇಳಿ.

ಪಕ್ಕದ ಮನೆಯವರು ಕೇಸು ಹಾಕಿ ಜಾಸ್ತಿ ಪಡೆದರು. ನಾನು ಹಾಕಿರಲಿಲ್ಲ. ನನಗೂ ಸಿಗುತ್ತದಾ?

2013ರ ಕಾಯ್ದೆಯಲ್ಲಿ ದಾರಿ ಇದೆ, 73ನೇ ಕಲಮು. ನಿಮ್ಮ ಜಾಗವೂ ಅದೇ ಅಧಿಸೂಚನೆಯಲ್ಲಿ ಇರಬೇಕು. ಅವರಿಗೆ ಪ್ರಾಧಿಕಾರ ಹೆಚ್ಚಿಸಿ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಭೂಸ್ವಾಧೀನಾಧಿಕಾರಿಗೆ ಅರ್ಜಿ ಕೊಡಬೇಕು. ಆ ತೀರ್ಪು ಬಂದದ್ದು ನಿಮಗೆ ಯಾರೂ ಹೇಳುವುದಿಲ್ಲ. ಬೀದಿಯವರು ಒಂದು ವಾಟ್ಸ್ಆ್ಯಪ್ ಗುಂಪು ಮಾಡಿಕೊಂಡು ಕೇಸಿನ ತಾರೀಕು ಹಾಕುತ್ತಿದ್ದರೆ ಸಾಕು.

ಹತ್ತು ಹದಿನೈದು ವರ್ಷದ ಹಿಂದಿನ ಸ್ವಾಧೀನ. ಈಗ ಕೇಳಬಹುದಾ?

ಕೆಲವರಿಗೆ ಬಾಗಿಲು ತೆರೆದಿದೆ. 1997ರಿಂದ 2015ರವರೆಗೆ ಹೆದ್ದಾರಿ ಕಾಯ್ದೆಯಲ್ಲಿ ಜಾಗ ಹೋದವರಿಗೆ ಸೊಲೇಷಿಯಂ ಕೊಡುತ್ತಿರಲಿಲ್ಲ. ಅದು ತಾರತಮ್ಯ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಈ ತೀರ್ಪು ಮುಂದಿನವರಿಗೆ ಮಾತ್ರ ಇರಲಿ ಎಂಬ ಕೋರಿಕೆಯನ್ನು 2025ರಲ್ಲಿ ತಳ್ಳಿಹಾಕಿತು. ಕರ್ನಾಟಕದ್ದೇ ಇನ್ನೊಂದು ಪ್ರಕರಣವಿದೆ. ಬೆಂಗಳೂರು–ಮೈಸೂರು ಕಾರಿಡಾರ್ ಯೋಜನೆಗೆ 2003ರ ಸುಮಾರಿಗೆ ಜಾಗ ಹೋದವರಿಗೆ ವರ್ಷಗಟ್ಟಲೆ ಪರಿಹಾರ ಬಂದಿರಲಿಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ 2019ರ ಏಪ್ರಿಲ್ 22ರ ಮಾರುಕಟ್ಟೆ ಬೆಲೆಯಲ್ಲಿ ಲೆಕ್ಕ ಹಾಕಿ ಕೊಡಲು ಹೇಳಿತು. ನಿಮ್ಮ ಕಡತದ ತಾರೀಕುಗಳನ್ನು ಬರೆದುಕೊಂಡು ವಕೀಲರಿಗೆ ತೋರಿಸಿ.

ವಕೀಲರಿಗೆ ಎಷ್ಟು ಕೊಡಬೇಕು? "ಬಂದದ್ದರಲ್ಲಿ ಇಷ್ಟು ಪರ್ಸೆಂಟ್" ಅನ್ನುತ್ತಾರೆ.

ಗೆದ್ದ ಹಣದಲ್ಲಿ ಪಾಲು ಕೇಳುವುದನ್ನು ವಕೀಲರ ಪರಿಷತ್ತಿನ ನಿಯಮಗಳೇ ಒಪ್ಪುವುದಿಲ್ಲ. ಶುಲ್ಕ ಎಷ್ಟು ಎಂದು ಮೊದಲೇ ಮಾತಾಡಿ, ರಸೀದಿ ಕೇಳಿ. ಖಾಲಿ ಚೆಕ್ಕು, ಖಾಲಿ ಹಾಳೆ ಕೊಡಬೇಡಿ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ಆದಾಯದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. ಮನೆ ಅಮ್ಮನ ಹೆಸರಲ್ಲಿದ್ದರೆ ಅರ್ಜಿ ಅಮ್ಮನದೇ ಅಲ್ವಾ, ಆ ಸೌಲಭ್ಯ ಕೇಳಿ.

ಕೊನೆಗೆ ನಿಮ್ಮ ಮನೆಯ ತಕರಾರು ಏನಾಯಿತು?

ನಡೆಯುತ್ತಿದೆ. ಬಂದ ಹಣವನ್ನು ಪ್ರತಿಭಟನೆ ಬರೆದು ತೆಗೆದುಕೊಂಡೆವು. ಅದರಲ್ಲಿ ಹೊಸ ಗೋಡೆ ಎದ್ದಿದೆ, ಹೊಸ ಸಂಪು ಮನೆಯ ಬಲಗಡೆ ಬಂದಿದೆ. ಚಾವಣಿಯ ವಿಷಯ, ದರದ ವಿಷಯ 64ನೇ ಕಲಮಿನ ಅರ್ಜಿಯಲ್ಲಿ ಪ್ರಾಧಿಕಾರದ ಮುಂದಿದೆ. ಒಡೆಯುವ ಹಿಂದಿನ ದಿನ ಅಪ್ಪ ತಾರಸಿಯ ಒಂದು ತುಂಡನ್ನು ಕಬ್ಬಿಣದ ಸಮೇತ ಬಿಡಿಸಿ ಹಿತ್ತಲಲ್ಲಿ ಇಟ್ಟಿದ್ದಾರೆ. ಪಕ್ಕದಲ್ಲಿ ಟೇಪು ಹಿಡಿದು ಫೋಟೊ ತೆಗೆದಿದ್ದೇವೆ, ದಪ್ಪ ನಾಲ್ಕೂವರೆ ಇಂಚು. ಮುಂದಿನ ತಾರೀಕಿಗೆ ಎಂಜಿನಿಯರ್ ಸಾಕ್ಷಿ ಇದೆ.